ಮತವಿಲ್ಲದವರು ಗೆಲ್ಲಿಸಿದ ಚುನಾವಣೆ

ಸಾರ್ವಜನಿಕ ಜೀವನಕ್ಕೆ ಕಾಲಿಡುವವರಿಗೆ ಗಟ್ಟಿಯಾದ ಹಿನ್ನೆಲೆಯೊಂದು ಇರಬೇಕು ಎಂದು ಬಲ್ಲವರು ಹೇಳುತ್ತಾರೆ. ಕಾನೂನು ಓದಿರಬೇಕು, ಒಂದೆರಡು ಚಳವಳಿಗಳಲ್ಲಿ ಗಂಟಲು ಹರಿದುಕೊಂಡಿರಬೇಕು, ಏನೂ ಇಲ್ಲದಿದ್ದರೆ ರಾಜಕೀಯದಲ್ಲಿ ಪಳಗಿದ ಒಬ್ಬ ಸೋದರಮಾವನಾದರೂ ಇರಬೇಕು. ನನ್ನ ಹೆಂಡತಿ ಪಂಕಜಳಿಗೆ ಇದ್ದದ್ದು ದಾಟಲಾಗದ ಒಂದು ರಸ್ತೆ ಮಾತ್ರ. ಅಮೆರಿಕದಲ್ಲಿ, ಕ್ಯಾರಿ ಪಟ್ಟಣದ ಮಗ್ಗುಲಲ್ಲೇ ಇರುವ ನಮ್ಮ ಪುಟ್ಟ ಊರಿನ ಕೌನ್ಸಿಲ್‌ಗೆ ಅವಳು ಕಳೆದ ನವೆಂಬರಿನಲ್ಲಿ ಚುನಾಯಿತಳಾದಳು. ಗೆದ್ದ ಮೇಲೆ ನಮ್ಮ ಕನ್ನಡ ಕೂಟದ ಪತ್ರಿಕೆಯವರು ನೂತನ ಸದಸ್ಯೆಯ ಹಿನ್ನೆಲೆ ಮತ್ತು ಭವಿಷ್ಯದ ಬಗ್ಗೆ ನಾನೇ ಬರೆಯಬೇಕೆಂದರು. ಹತ್ತಿರದಿಂದ ಬಲ್ಲವರು ಬರೆದರೆ ಚೆನ್ನ ಎಂಬುದು ಅವರ ವಾದ. ಮೂವತ್ತೊಂದು ವರ್ಷ ಹತ್ತಿರವಿದ್ದದ್ದು ನಿಜ. ಬಲ್ಲೆ ಎಂದು ಲಿಖಿತವಾಗಿ ಕೊಡುವಷ್ಟು ಧೈರ್ಯ ನನಗೆ ಬಂದಿಲ್ಲ.

ಮೊದಲು ಹಿನ್ನೆಲೆ. ಪಂಕಜ ಹುಟ್ಟಿದ್ದು ಮೈಸೂರಿನಲ್ಲಿ. ಇಲ್ಲಿಗೆ ಹತ್ತಿರದ ಕಂಪನಿಗಳ ವಲಯವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಒಂದು ಔಷಧ ಕಂಪನಿಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ಕೆಲಸ. ಆ ಕಣ್ಣನ್ನು ಅವಳು ಸಂಜೆ ಆಫೀಸಿನಲ್ಲೇ ಬಿಟ್ಟು ಬರುವುದಿಲ್ಲ, ಮನೆಗೂ ತರುತ್ತಾಳೆ. ಕೌನ್ಸಿಲ್‌ಗೆ ನಿಲ್ಲುವ ಮುಂಚೆ ಅವಳು ಎಲ್ಲಾದರೂ ನಿಂತಿದ್ದರೆ ಅದು ಅಂಗಡಿಯ ಕ್ಯೂನಲ್ಲಿ. ನಾವು ಮೊದಲು ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿದ್ದೆವು. ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಬಡಾವಣೆಗೂ ಎದುರಿನ ಪಾರ್ಕಿಗೂ ನಡುವೆ ನಾಲ್ಕು ಲೇನಿನ ಒಂದು ರಸ್ತೆ ಇದೆ. ಪಾರ್ಕಿಗೆ ಹೋಗಬೇಕಾದರೆ ಇಲ್ಲಿನವರು ಗರಾಜಿನಿಂದ ಕಾರು ತೆಗೆದು, ಅರ್ಧ ಮೈಲಿ ಮುಂದೆ ಹೋಗಿ, ಯು-ಟರ್ನ್ ಹೊಡೆದು, ಪಾರ್ಕ್ ಮಾಡಿ, ಆಮೇಲೆ ಆರೋಗ್ಯಕ್ಕಾಗಿ ನಡೆಯುತ್ತಾರೆ. ಆದರೆ ಊರಿನಿಂದ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬರುವ ನಮ್ಮ ಹಿರಿಯರಿಗೆ ಕಾರೂ ಇಲ್ಲ, ಈ ಶಾಸ್ತ್ರವೂ ತಿಳಿಯದು. ಪಾರ್ಕು ಕಣ್ಣೆದುರಿಗೇ ಇದೆ, ಕಾಲುಗಳಿವೆ, ಹೊರಟೇಬಿಡುತ್ತಾರೆ.

ಹೀಗೆ ಒಂದು ಸಂಜೆ ಐದು ಜನ ಹಿರಿಯರು ರಸ್ತೆಯ ಮಧ್ಯದ ಹುಲ್ಲಿನ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡರು. ಆಚೆಗೂ ಇಲ್ಲ, ಈಚೆಗೂ ಇಲ್ಲ. ಎರಡೂ ಕಡೆ ಆಫೀಸು ಬಿಟ್ಟ ಕಾರುಗಳು. ಅವರ ನಾಯಕಿ ಪದ್ಮಾವತಮ್ಮ. ನಮ್ಮ ಬೀದಿಯ ಗುರುರಾಜನ ತಾಯಿ, ಎಪ್ಪತ್ತಮೂರು ವರ್ಷ, ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಕೆಲಸದಿಂದ ಬರುತ್ತಿದ್ದ ಪಂಕಜ ಇದನ್ನು ನೋಡಿ, ಕಾರನ್ನು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಮಿಣುಕು ದೀಪ ಹಾಕಿ, ಇಳಿದು, ಒಂದು ಕೈ ಎತ್ತಿ ಐವರನ್ನೂ ದಾಟಿಸಿದಳು. ಒಬ್ಬ ಎಳೆಯ ಪೊಲೀಸ್ ಬಂದ. ಎಚ್ಚರಿಕೆ ಕೊಟ್ಟು ಹೋದ. ಪದ್ಮಾವತಮ್ಮನವರು ಮಾತ್ರ, "ಆ ಹುಡುಗ ಎಷ್ಟು ಮರ್ಯಾದಸ್ಥ ನೋಡಮ್ಮ, ಬಯ್ಯೋವಾಗ್ಲೂ ಮೇಡಂ ಅಂತಾನೆ" ಎಂದು ಅವನನ್ನು ಹರಸಿದರು.

ಪಂಕಜ ಕೌನ್ಸಿಲ್ ಸಭೆಗೆ ಹೋಗಿ, ಸಾರ್ವಜನಿಕರಿಗೆ ಸಿಗುವ ಮೂರು ನಿಮಿಷದಲ್ಲಿ, ಅಲ್ಲೊಂದು ಪಾದಚಾರಿ ದಾಟುದಾರಿ ಬೇಕು ಎಂದಳು. ನಮ್ಮ ಭಾಗದ ಸದಸ್ಯರು ಹನ್ನೆರಡು ವರ್ಷದಿಂದ ಅದೇ ಕುರ್ಚಿಯಲ್ಲಿದ್ದ ಸಜ್ಜನರು. ಬಹಳ ನಯವಾಗಿ, "ಆ ರಸ್ತೆಯಲ್ಲಿ ನಡೆಯುವವರೇ ಇಲ್ಲವಲ್ಲ" ಎಂದರಂತೆ. ಮನೆಗೆ ಬಂದವಳು ಕೈಚೀಲವನ್ನು ಸೋಫಾದ ಮೇಲೆ ಎಸೆದು, "ರೀ, ನಾನೇ ನಿಲ್ತೀನಿ" ಎಂದಳು. ಟಿವಿಗೆ ಅಡ್ಡ ನಿಂತೇ ಹೇಳಿದ್ದರಿಂದ, ಈಗಾಗಲೇ ನಿಂತಿದ್ದೀಯಲ್ಲ ಎಂದೆ. ಆ ಹಾಸ್ಯಕ್ಕೆ ಯಾರೂ ನಗಲಿಲ್ಲ.

ಪ್ರಚಾರದ ಸಾರಥ್ಯವನ್ನು ನಾನು ವಹಿಸಿಕೊಂಡೆ. ಯಾರೂ ನನಗೆ ವಹಿಸಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ನನ್ನ ಸಿದ್ಧಾಂತ ಸರಳವಾಗಿತ್ತು: ನಮ್ಮವರೆಲ್ಲ ಒಂದಾದರೆ ಸಾಕು. ಬಡಾವಣೆಯ ಕ್ಲಬ್‌ಹೌಸಿನಲ್ಲಿ ಒಂದು ಭಾನುವಾರ ಊಟ ಏರ್ಪಡಿಸಿದೆ. ಬಿಸಿಬೇಳೆಬಾತ್, ಆಂಬೊಡೆ, ಮೊಸರನ್ನ, ಕಾಯಿ ಹೋಳಿಗೆ. ಇನ್ನೂರ ಹದಿನಾಲ್ಕು ಜನ ಬಂದರು. ಪ್ರತಿಯೊಬ್ಬರೂ ಕೈ ತೊಳೆದು ಹೊರಡುವಾಗ ನನ್ನ ಕೈ ಕುಲುಕಿ, "ಆಂಟಿಗೆ ನಮ್ಮ ಫುಲ್ ಸಪೋರ್ಟ್ ಅಂಕಲ್, ಗೆದ್ದಾಯ್ತು ಅಂದ್ಕೊಳಿ" ಎಂದರು. ನಾನು ಅಂದುಕೊಂಡೆ. ನಮ್ಮ ಕಡೆ ಎಲೆ ಮುಂದೆ ಕೂತವನು ನಮ್ಮವನೇ. ಉಂಡ ಮೇಲೆ ಎದುರು ಪಾರ್ಟಿಗೆ ಹೋಗುವಷ್ಟು ಕೆಟ್ಟವರನ್ನು ನಾನು ಕರೆಯುವುದಿಲ್ಲ. ಮನೆಗೆ ಬಂದು ಹೆಸರುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಅಕ್ಷರಕ್ರಮದಲ್ಲಿ ಹಾಕಿದೆ. ಮೊದಲ ಹೆಸರು ಮಾತ್ರ ಕ್ರಮ ತಪ್ಪಿಸಿ ನನ್ನದು. ಅಭ್ಯರ್ಥಿಯ ಗಂಡನ ಮತವೇ ಮೊದಲ ಮತ ಎಂಬ ಭಾವನೆಯಿಂದ.

ನಮ್ಮ ಮಗಳು ಮೇಘ ಕಾಲೇಜಿನಿಂದ ರಜೆಗೆ ಬಂದಿದ್ದಳು. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ದಿಸ್ ಈಸ್ ನಾಟ್ ಎ ವೋಟರ್ ಲಿಸ್ಟ್. ದಿಸ್ ಈಸ್ ಎ ಲಂಚ್ ಲಿಸ್ಟ್" ಎಂದಳು.

"ಅಂದ್ರೆ?"

"ಇವ್ರಲ್ಲಿ ಸಿಟಿಜನ್ ಯಾರು?"

ಆ ಪ್ರಶ್ನೆ ಇನ್ನೂರ ಹದಿನಾಲ್ಕು ಜನರ ಮೇಲೆ ಬುಲ್ಡೋಜರಿನಂತೆ ಹರಿಯಿತು. ಗುರುರಾಜ ಹನ್ನೊಂದು ವರ್ಷದಿಂದ ವೀಸಾದ ಮೇಲಿದ್ದಾನೆ, ಅಳಿಸು. ಅವನ ಹೆಂಡತಿ, ಅಳಿಸು. ಪದ್ಮಾವತಮ್ಮನವರು ಪ್ರವಾಸಿ, ಅಳಿಸು. ಮಕ್ಕಳಿಗೆ ಹದಿನೆಂಟಾಗಿಲ್ಲ. ಪೌರತ್ವ ಇದ್ದವರಲ್ಲಿ ಮುಕ್ಕಾಲು ಪಾಲು ಕ್ಯಾರಿಯವರು, ಹೋಳಿಗೆಯ ಸುದ್ದಿ ಕೇಳಿ ಊರ ಗಡಿ ದಾಟಿ ಬಂದವರು. ಕೊನೆಗೆ ಹನ್ನೆರಡು ಹೆಸರು ಉಳಿದವು. ಮೇಘ ನನ್ನ ಹೆಸರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ನಾನು ಗ್ರೀನ್ ಕಾರ್ಡಿನವನು, ಇಲ್ಲಿ ನೆಲೆಸಬಹುದು, ಮತ ಹಾಕುವಂತಿಲ್ಲ. ಪಂಕಜ ಪ್ರಮಾಣವಚನ ಸ್ವೀಕರಿಸಿ ಈ ದೇಶದ ಪ್ರಜೆಯಾದ ದಿನವೂ ನಾನು ನನ್ನ ಭಾರತದ ಪಾಸ್‌ಪೋರ್ಟನ್ನು ರೇಷ್ಮೆ ಪಂಚೆಯ ಮಡಿಕೆಯಲ್ಲಿಟ್ಟು, ಇದನ್ನು ಮಾತ್ರ ಬಿಡಲಾರೆ ಎಂದು ಗದ್ಗದನಾಗಿದ್ದೆ. ದೇಶಪ್ರೇಮ ದೊಡ್ಡದು. ಅದು ಹೆಂಡತಿಯ ಚುನಾವಣೆಯಲ್ಲಿ ಕೈಕೊಡುತ್ತದೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಹನ್ನೊಂದು ಉಳಿಯಿತು.

ಪಂಕಜ ಬಯ್ಯುತ್ತಾಳೆಂದು ಕಾದೆ. ಅವಳು ಮಾತ್ರೆಯಲ್ಲಿ ಬಿರುಕು ಹುಡುಕುವ ಕಣ್ಣಿನಿಂದ ಪಟ್ಟಿಯನ್ನೇ ನೋಡುತ್ತಿದ್ದಳು. ಆಮೇಲೆ, "ಅಲ್ರೀ, ಇವರಿಗೆ ವೋಟಿಲ್ಲ ಸರಿ. ಇವರ ಪಕ್ಕದ ಮನೆಯವರಿಗೆ ಇದೆಯಲ್ಲ?" ಎಂದಳು.

"ಪಕ್ಕದ ಮನೆಯವರ ಹೆಸರು ಯಾರಿಗೆ ಗೊತ್ತು?"

"ಕೇಳ್ಕೊಂಡ್ರೆ ಗೊತ್ತಾಗತ್ತೆ. ಮದುವೆಗೆ ಕರಿಯೋ ಹಾಗೆ ಕರೀಬೇಕು ಅಷ್ಟೆ."

ಮದುವೆಗೆ ಕರೆಯುವ ಕ್ರಮ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಫೋನಿನಲ್ಲಿ ಕರೆದರೆ ಕರೆದಂತಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಒಳಗೆ ಕೂರಬೇಕು, ಒಂದು ಲೋಟ ನೀರಾದರೂ ಕುಡಿಯಬೇಕು. ದಿನ, ಸಮಯ, ಸ್ಥಳ ಬಾಯಿಬಿಟ್ಟು ಹೇಳಬೇಕು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ಬರಲೇಬೇಕು ಎಂದು ಇನ್ನೊಮ್ಮೆ ಹೇಳಬೇಕು. ಪದ್ಮಾವತಮ್ಮನವರು ಇದಕ್ಕೆ ತೆಂಗಿನಕಾಯಿ, ಎಲೆ ಅಡಿಕೆಯನ್ನೂ ಸೇರಿಸಿದ್ದರು. ಮೇಘ ಕೂಗಿಕೊಂಡಳು: "ನೋ, ಅಜ್ಜಿ! ನಥಿಂಗ್! ಕೊಬ್ರಿ ಕೊಟ್ರೂ ಅದು ಲಂಚ!" ಎಪ್ಪತ್ತಮೂರು ವರ್ಷದ ಆ ಹಿರಿಯ ಜೀವ ನೊಂದುಕೊಂಡಿತು. "ಬರೀ ಕೈಲಿ ಕರಿಯೋದಾ? ಇದೆಂಥ ಎಲೆಕ್ಷನ್ನು ಕಣಮ್ಮ ನಿಮ್ದು!"

ಗುರುರಾಜನ ಪಕ್ಕದ ಮನೆಯ ವಾಲ್ಟರ್ ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಆರು ವರ್ಷದಿಂದ ಇಬ್ಬರ ನಡುವೆ ಕಸದ ಡಬ್ಬಿ ಹೊರಗಿಡುವಾಗ ಕೈ ಆಡಿಸುವಷ್ಟು ಬಾಂಧವ್ಯವಿತ್ತು. ಗುರುರಾಜ, ಅವನ ಹೆಂಡತಿ, ರೇಷ್ಮೆ ಸೀರೆಯುಟ್ಟ ತಾಯಿ, ಮೂವರೂ ಹೋಗಿ ಬಾಗಿಲು ತಟ್ಟಿದರು. ಸಾರಥಿಯಾದ್ದರಿಂದ ನಾನೂ ಹಿಂದೆ ನಿಂತಿದ್ದೆ. ವಾಲ್ಟರ್ ನಮ್ಮನ್ನು ನೋಡಿ, "ಏನಾಯ್ತು? ಎಲ್ಲರೂ ಕ್ಷೇಮ ತಾನೆ?" ಎಂದು ಗಾಬರಿಯಾದರು. ಕೂರಿಸಿದರು, ನೀರು ಕೊಟ್ಟರು. ಗುರುರಾಜ ವೀಸಾ ಸಂದರ್ಶನಕ್ಕೆ ಹೋದವನಂತೆ ಬೆವರುತ್ತ, ನವೆಂಬರಿನ ಮೊದಲ ಮಂಗಳವಾರ, ಬೆಳಗ್ಗೆ ಆರೂವರೆಯಿಂದ ಸಂಜೆ ಏಳೂವರೆ, ಶಾಲೆಯ ಜಿಮ್ ಎಂದು ಒಪ್ಪಿಸಿದ. ಅವರು ಎಲ್ಲ ಕೇಳಿ, "ಅರವತ್ತು ವರ್ಷದಿಂದ ಈ ಊರಲ್ಲಿದ್ದೇನೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಹೋದವರು ಬಹಳ. ಕೂತು ನೀರು ಕುಡಿದವರು ನೀವೇ ಮೊದಲು" ಎಂದರು. ಪದ್ಮಾವತಮ್ಮನವರು ಬಾಗಿಲಲ್ಲಿ ತಿರುಗಿ ನಿಂತು ಅಚ್ಚ ಕನ್ನಡದಲ್ಲಿ, "ಮನೆಯವರನ್ನೂ ಕರ್ಕೊಂಡು ಬರಬೇಕಪ್ಪ, ತಪ್ಪಿಸಬಾರದು" ಎಂದರು. ವಾಲ್ಟರ್ ಇಂಗ್ಲಿಷಿನಲ್ಲಿ, ಖಂಡಿತ ಮ್ಯಾಮ್ ಎಂದರು. ಅನುವಾದ ಬೇಕಾಗಲಿಲ್ಲ.

ಹೀಗೆ ಐದು ವಾರ ನಡೆಯಿತು. ಯಾವ ಯಾವ ಮನೆಯವರು ಎಷ್ಟೆಷ್ಟು ವರ್ಷದಿಂದ ಪಕ್ಕದಲ್ಲಿದ್ದರು ಎಂಬುದು ಊರಿಗೇ ಗೊತ್ತಾಯಿತು. ಪಂಕಜ ಒಬ್ಬಳೇ ನಾನೂರು ಮನೆ ಹತ್ತಿಳಿದಳು. ನಾನೂ ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಇಟ್ಟುಕೊಂಡು, ಅವಳಿಗೆ ನೈತಿಕ ಬೆಂಬಲ ಕೊಟ್ಟೆ.

ಮತದಾನದ ದಿನ ಪ್ರಚಾರದವರು ಬಾಗಿಲಿನಿಂದ ದೂರದಲ್ಲಿ ಎಳೆದ ಗೆರೆಯ ಹೊರಗೇ ನಿಲ್ಲಬೇಕು. ಪದ್ಮಾವತಮ್ಮನವರು ಆ ಗೆರೆಯ ಪಕ್ಕದಲ್ಲಿ ಛತ್ರದ ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯವರಂತೆ ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು. ಎದುರು ಅಭ್ಯರ್ಥಿಯ ಮತದಾರರಿಗೂ ಮುಗಿದರು. ಅವರಲ್ಲಿ ಒಂದಿಬ್ಬರು ಅಲ್ಲೇ ಮನಸ್ಸು ಬದಲಿಸಿದಂತೆ ಕಂಡಿತು. ಹತ್ತು ಗಂಟೆಗೆ ವಾಲ್ಟರ್ ಹೆಂಡತಿಯೊಂದಿಗೆ ಬಂದರು. ಸೂಟು, ಟೈ, ಇಸ್ತ್ರಿ ಮಾಡಿದ ಕರವಸ್ತ್ರ. "ನಾವು ತಡವಾಗಲಿಲ್ಲವಷ್ಟೆ?" ಎಂದು ಗುರುರಾಜನನ್ನು ಕೇಳಿದರು. ಆ ರಾತ್ರಿ ಎಣಿಕೆ ಮುಗಿದಾಗ ಪಂಕಜ ಮೂವತ್ತೆಂಟು ಮತಗಳಿಂದ ಗೆದ್ದಿದ್ದಳು. ಹನ್ನೆರಡು ವರ್ಷ ಆ ಕುರ್ಚಿಯಲ್ಲಿದ್ದ ಸಜ್ಜನರು ತಾವೇ ಬಂದು ಕೈ ಕುಲುಕಿದರು. ಕ್ಲಬ್‌ಹೌಸಿನಲ್ಲಿ ಮತವಿಲ್ಲದ ಇನ್ನೂರು ಜನ ಹಾರಾಡಿದ ಹಾರಾಟಕ್ಕೆ ಹೊಗೆ ಪತ್ತೆ ಮಾಡುವ ಅಲಾರಂ ಕೂಡ ಎಚ್ಚೆತ್ತು ಕೂಗಿತು. ಗುರುರಾಜ ನನ್ನನ್ನು ಎತ್ತಲು ಪ್ರಯತ್ನಿಸಿ, ಅರ್ಧಕ್ಕೆ ಕೈಬಿಟ್ಟ.

ಇನ್ನು ಭವಿಷ್ಯ. ಗೆದ್ದವಳು ಏಳು ಜನರಲ್ಲಿ ಒಬ್ಬಳು. ದಾಟುದಾರಿಯ ಮಾತೆತ್ತಿದೊಡನೆ ಊರಿನ ಎಂಜಿನಿಯರ್, ನಡೆಯುವವರು ಎಷ್ಟಿದ್ದಾರೆಂದು ಒಂದು ವಾರ ಎಣಿಸದೆ ಏನೂ ಹೇಳಲಾಗದು ಎಂದರು. ನಮಗೆ ಚುನಾವಣೆಗಿಂತ ದೊಡ್ಡ ಗೆಲುವು ಇದರಲ್ಲೇ ಕಂಡಿತು. ರಸ್ತೆ ದಾಟುವವರ ಎಣಿಕೆಯಲ್ಲಿ ವೀಸಾ ಕೇಳುವುದಿಲ್ಲ, ಪಾಸ್‌ಪೋರ್ಟಿನ ದೇಶ ನೋಡುವುದಿಲ್ಲ, ಎರಡು ಕಾಲಿದ್ದರೆ ಸಾಕು. ನಾನು ಮತ್ತೆ ಸಾರಥ್ಯ ವಹಿಸಿಕೊಂಡು, ಎಲ್ಲರೂ ದಿನಕ್ಕೆ ಹತ್ತು ಸಲ ದಾಟುವ ಯೋಜನೆ ಹಾಕಿದೆ. ಪಂಕಜ ಒಂದೇ ಮಾತಿನಲ್ಲಿ ಮುಗಿಸಿದಳು: "ಸುಮ್ಸುಮ್ನೆ ಯಾರೂ ದಾಟಬಾರದು. ಪಾರ್ಕಿಗೆ ಹೋಗೋರು ಮಾತ್ರ. ಅರ್ಥ ಆಯ್ತೇನ್ರೀ?"

ಆಯಿತು. ಆ ವಾರ ಹಿರಿಯರು ಹೋದರು, ಗುರುರಾಜ ಹೋದ, ವಾಲ್ಟರ್ ದಂಪತಿ ಹೋದರು. ಅಷ್ಟು ದಿನ ಕಾರಿನಲ್ಲಿ ಹೋಗುತ್ತಿದ್ದ ನಾನೂ ಕೊನೆಗೊಮ್ಮೆ ಹೋದೆ. ಈ ದೇಶದ ಒಂದು ಸರ್ಕಾರಿ ಲೆಕ್ಕದಲ್ಲಿ ನಾನೂ ಒಂದು ಗೀಟಾಗಬೇಕೆಂಬ ಆಸೆಯಿಂದ ಎಣಿಸುವವನ ಮುಂದೆ ಎದೆಯುಬ್ಬಿಸಿ ನಡೆದೆ. ಅವನು ತಲೆಯೆತ್ತಿ, "ಸರ್, ಎಣಿಕೆ ನಿನ್ನೆಯೇ ಮುಗಿಯಿತು. ನಾನು ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದೇನೆ" ಎಂದ.

ದಾಟುದಾರಿಗೆ ಏಪ್ರಿಲ್ ಸಭೆಯಲ್ಲಿ ಮಂಜೂರಾತಿ ಸಿಕ್ಕಿತು. ಪರವಾಗಿ ಏಳು ಮತ, ವಿರುದ್ಧ ಸೊನ್ನೆ.