ಗಾಲಿಯ ದೀಪಕ್ಕೊಂದು ಟಿಕಳಿ

ಜ್ಯೋತಿಯ ಮನೆಯಲ್ಲಿ ಮನುಷ್ಯರ ಬಿಪಿಗಿಂತ ಗಾಲಿಗಳ ಬಿಪಿಗೆ ಮರ್ಯಾದೆ ಹೆಚ್ಚು. ಬಾಣಂತಿಯಾಗಿದ್ದ ಜ್ಯೋತಿ ಒಮ್ಮೆ ತಲೆ ಸುತ್ತಿ ಗೋಡೆ ಹಿಡಿದು ಕೂತಾಗ ಗಂಡ ಚನಬಸಪ್ಪ ಲಿಂಬು ಶರಬತ್ತು ಕುಡಿಯಲು ಹೇಳಿ ಕೆಲಸಕ್ಕೆ ಹೋಗಿದ್ದ. ಅದೇ ಮನುಷ್ಯ, ಅಂಗಳದಲ್ಲಿ ನಿಂತ ಕ್ಯಾಂಪರ್ ವ್ಯಾನಿನ ಗಾಲಿಯಲ್ಲಿ ಗಾಳಿ ತುಸು ಇಳಿದರೆ ಉಣ್ಣುವ ತಾಟು ಬಿಟ್ಟು ಓಡುತ್ತಾನೆ. (ಕೈ ತೊಳೆಯದೆ. ಸ್ಟೇರಿಂಗಿಗೆ ಹತ್ತಿದ ಜುಣಕವನ್ನು ಆಮೇಲೆ ಒರೆಸುವವಳು ಜ್ಯೋತಿ.)

ಆ ವ್ಯಾನೇ ಅವರ ಅನ್ನ. ಹಳೆಯ ಗಾಡಿಯೊಂದನ್ನು ತಂದು, ಒಳಗೆ ಮಡಚುವ ಮಂಚ, ಒಲೆ, ನೀರಿನ ಟಾಕಿ ಕೂಡಿಸಿ, ದಾಂಡೇಲಿಗೆ ಬರುವ ಪ್ರವಾಸಿಗರನ್ನು ಚನಬಸಪ್ಪ ಜೊಯಿಡಾ ಕಡೆಯ ಕಾಡು, ಹೊಳೆ ತೋರಿಸಿಕೊಂಡು ಬರುತ್ತಾನೆ. ಅತ್ತೆ ಯಲ್ಲವ್ವ ಅದಕ್ಕೆ ‘ಅಡಗಿಮನಿ ಬಸ್ಸು’ ಎಂದು ಹೆಸರಿಟ್ಟಿದ್ದಾಳೆ.

ಆ ಬಸ್ಸಿನ ಮುಖ್ಯ ನ್ಯಾಯಾಧೀಶರು ಮಾವ ಗೂಳಪ್ಪ. ಮೂವತ್ತು ವರ್ಷ ಕಾಡಿನಿಂದ ಕಾಗದದ ಕಾರ್ಖಾನೆಗೆ ಬಿದಿರಿನ ಲಾರಿ ಹೊಡೆದವರು. ಗಾಳಿ ಎಷ್ಟಿದೆಯೆಂದು ಅವರು ಎಂದೂ ಅಳೆದು ನೋಡಿದವರಲ್ಲ. ಕಬ್ಬಿಣದ ರಾಡಿನಿಂದ ಗಾಲಿಗೆ ಒಂದು ಪೆಟ್ಟು ಹಾಕಿ, ತಲೆ ವಾರೆ ಮಾಡಿ ಕೇಳುತ್ತಿದ್ದರು. ತುಂಬಿದ ಗಾಲಿ ಠಣ್ಣೆನ್ನುತ್ತದೆ, ಇಳಿದ ಗಾಲಿ ಧಪ್ಪೆನ್ನುತ್ತದೆ. ಗಾಡಿ ಹೊರಡುವ ಮುನ್ನ ನಾಲ್ಕು ಪೆಟ್ಟು, ನಂತರ ತೀರ್ಪು: ನಾಕೂ ಗಟ್ಟಿ ಅದಾವು. ಆಮೇಲೆ ಅವರು ಮಗನ ಪಕ್ಕದ ಸೀಟಿನಲ್ಲಿ ಕೂತು ಮೀಸೆ ತಿರುವಿದರೆ ಮಾತ್ರ ಬಸ್ಸು ಚಲಿಸಬೇಕು. ನೌಕರಿ ಮುಗಿದ ಮೇಲೆ ವ್ಯಾನು ಬರುವ ತನಕ ಅವರು ಕಟ್ಟೆಯ ಮೇಲೆ ಕೂತೇ ಕೂತು ಬಾಡಿ ಹೋಗಿದ್ದರಂತೆ. ಆ ಸೀಟು ಸಿಕ್ಕ ಮೇಲೆ ದಿನಾ ದಾಡಿ ಮಾಡಿಕೊಳ್ಳತೊಡಗಿದರು.

ಹೋದ ಚಳಿಗಾಲದಲ್ಲಿ ಆ ತೀರ್ಪು ಒಮ್ಮೆ ತಪ್ಪಿತು. ಜೊಯಿಡಾ ದಾರಿಯ ತಿರುವಿನಲ್ಲಿ, ಒಳಗೆ ಪುಣೆಯ ಕುಟುಂಬವೊಂದು ಚಹಾ ಕುಡಿಯುತ್ತಿದ್ದಾಗ, ಹಿಂದಿನ ಗಾಲಿ ಪೂರ್ತಿ ಕೂತುಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದು ಮನೆಗೆ ಬಂದ ಚನಬಸಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ, ಮಲಗಿದ ಮಗಳನ್ನು ಎತ್ತಿಕೊಂಡ. ಮರುವಾರ ಟೈರಿನಂಗಡಿ ಆರೀಫನ ಹತ್ತಿರ ಹೋಗಿ ಒಂದು ಡಬ್ಬಿ ಕೂಡಿಸಿಕೊಂಡು ಬಂದ. ಸ್ಟೇರಿಂಗಿನ ಪಕ್ಕ ಕೂರುವ ಆ ಡಬ್ಬಿಯ ಮೇಲೆ ಗಾಡಿಯ ಚಿತ್ರ, ಚಿತ್ರಕ್ಕೆ ನಾಲ್ಕು ಗಾಲಿ, ಗಾಲಿಗೊಂದು ಪುಟ್ಟ ದೀಪ. ಯಾವ ಗಾಲಿಯಲ್ಲಿ ಗಾಳಿ ಇಳಿಯಿತೋ ಆ ದೀಪ ಕೆಂಪಾಗಿ ಉರಿದು ಕೀಂ ಕೀಂ ಎಂದು ಚೀರುತ್ತದೆ. ಡಬ್ಬಿ ಕೂಡಿಸಿದ ದಿನವೇ ಚನಬಸಪ್ಪ ಹೇಳಿಬಿಟ್ಟ, ಇನ್ನೊಮ್ಮೆ ಅಪ್ಪನ ಕಿವಿ ತಪ್ಪಿತೆಂದರೆ ಅಪ್ಪ ಗಾಡಿ ಹತ್ತುವುದು ಬೇಡ, ಮನೆಯಲ್ಲಿ ಟಿ.ವಿ. ನೋಡಿಕೊಂಡು ಇರಲಿ ಎಂದು.

ಆಶ್ಚರ್ಯವೆಂದರೆ, ಅಲ್ಲಿಂದ ಮೂರು ತಿಂಗಳು ಮುದುಕರ ಕಿವಿಗೂ ಡಬ್ಬಿಯ ದೀಪಕ್ಕೂ ಒಮ್ಮೆಯೂ ಜಗಳ ಬರಲಿಲ್ಲ. ಡಬ್ಬಿ ಕೆಂಪಾದ ಎರಡು ದಿನವೂ ಅವರು ಅದೇ ಗಾಲಿ ಬಾರಿಸಿ ಇದು ಮೆತ್ತಗಾಗೇತಿ ಎಂದರು. ಜೊತೆಗೆ ಭಕ್ತಿ ಬೇರೆ ಹೆಚ್ಚಿತು. ರಾಡು ಹಿಡಿಯುವ ಮುನ್ನ ಗಾಡಿ ಹತ್ತಿ, ಸ್ಟೇರಿಂಗಿನ ಮುಂದಿನ ಎಲ್ಲಮ್ಮ ದೇವಿಯ ಫೋಟೊಗೆ ದೀರ್ಘವಾಗಿ ಕೈ ಮುಗಿಯುತ್ತಿದ್ದರು. ವಯಸ್ಸಾದಂತೆ ಗಂಡ ಹಣ್ಣಾಗುತ್ತಿದ್ದಾನೆಂದು ಯಲ್ಲವ್ವನಿಗೆ ಸಮಾಧಾನ. ಎರಡು ವರ್ಷದಿಂದ ತನ್ನ ಒಂದು ಮಾತಿಗೂ ಎದುರಾಡಿಲ್ಲ, ಏನು ಹೇಳಿದರೂ ಹೂಂ ಎನ್ನುತ್ತಾರೆ ಎಂದು ಪಕ್ಕದ ಮನೆಯ ಶಿವವ್ವನ ಮುಂದೆ ಹೇಳಿ ಬೀಗುತ್ತಿದ್ದಳು.

ಜ್ಯೋತಿಗೆ ನಿಜ ತಿಳಿದದ್ದು ಒಂದು ಮಧ್ಯಾಹ್ನ. ನಿಂತ ವ್ಯಾನಿನೊಳಗೆ ಅವಳು ಒಲೆ ಉಜ್ಜುತ್ತಿದ್ದಳು, ಮಾವ ಕಿಟಕಿಯ ಗಾಜು ಒರೆಸುತ್ತಿದ್ದರು. ಡಬ್ಬಿ ಒಮ್ಮೆಲೇ ಚೀರಿತು. ಮಂಚದ ಮೇಲೆ ಆಡುತ್ತಿದ್ದ ಕೂಸು ಬೆದರಿ ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿತು. ಕೈಯಳತೆಯಲ್ಲಿ ಬೆನ್ನು ಮಾಡಿ ನಿಂತಿದ್ದ ಮಾವ ತಿರುಗಲಿಲ್ಲ, ಗಾಜು ಒರೆಸುತ್ತಲೇ ಇದ್ದರು. ಜ್ಯೋತಿ ಹಿಂದಿನಿಂದ ಮಾವಾರ ಎಂದಳು. ಸ್ಟೀಲಿನ ತಾಟು ಕೈಬಿಟ್ಟು ನೋಡಿದಳು. ತಾಟು ವ್ಯಾನಿನ ತುಂಬ ಕುಣಿದು ಸುಮ್ಮನಾಯಿತು. ಅವರು ಗಾಜಿಗೆ ಬಾಯಿಂದ ಹಬೆ ಹಾಕಿ ಇನ್ನೊಮ್ಮೆ ಒರೆಸಿದರು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಸೀಟು ಹೋಗುತ್ತದೆ. ತನಗೆ ಗೊತ್ತಾದ ಹಾಗೆ ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಡಬ್ಬಿಯ ಬೆನ್ನಿನ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು; ಇನ್ನು ದೀಪ ಮಾತ್ರ. ಇಷ್ಟು ದಿನ ತೀರ್ಪು ಸರಿಯಾಗಿ ಬಂದದ್ದು ಕಣ್ಣಂದಾಜು, ಇಲ್ಲವೇ ಎಲ್ಲಮ್ಮನ ದಯೆ ಎಂದುಕೊಂಡಳು.

ಹದಿನೈದು ದಿನಕ್ಕೆ ಪಾಳಾದಿಂದ ಕರೆ ಬಂತು. ಅಲ್ಲಿ ಗೂಳಪ್ಪನ ಅಕ್ಕ ಗುರುಬಸವ್ವನ ಮೊಮ್ಮಗುವಿನ ತೊಟ್ಟಿಲ ಕಾರ್ಯ. ಎಲ್ಲರೂ ವ್ಯಾನಿನಲ್ಲೇ ಹೋಗುವುದು, ಬರುವಾಗ ಅತ್ತಿವೇರಿ ಪಕ್ಷಿಧಾಮದಲ್ಲಿ ಕೂಸಿಗೆ ಹಕ್ಕಿ ತೋರಿಸುವುದು ಎಂದು ಠರಾವಾಯಿತು. ಹೊರಡುವ ದಿನ ಬೆಳಿಗ್ಗೆ, ಗಂಡ ಬಚ್ಚಲಲ್ಲಿದ್ದಾಗ, ಜ್ಯೋತಿ ರೊಟ್ಟಿಯ ಡಬ್ಬ ಇಡಲು ವ್ಯಾನು ಹತ್ತಿದಳು. ಡಬ್ಬಿಯ ಕಡೆ ಇಣುಕಿ ನೋಡುವ ಚಟ ಅವಳಿಗೆ ಈಚೆಗೆ ಹತ್ತಿತ್ತು. ಇಣುಕಿದಳು. ಮುಂದಿನ ಎಡಗಾಲಿಯ ದೀಪ ಕೆಂಡದಂತೆ ಉರಿಯುತ್ತಿತ್ತು.

ಗಾಳಿ ತುಂಬುವ ಮಷೀನು ಗಾಡಿಯಲ್ಲೇ ಇದೆ, ಆದರೆ ಅದು ಶುರುವಾದರೆ ಓಣಿಯೆಲ್ಲ ಏಳುತ್ತದೆ. ಮಾವ ಈಗ ಬರುತ್ತಾರೆ, ಬಾರಿಸುತ್ತಾರೆ, ಏನೂ ಕೇಳದೆ ಗಟ್ಟಿ ಎನ್ನುತ್ತಾರೆ. ಗಂಡ ದೀಪ ನೋಡುತ್ತಾನೆ. ಅಲ್ಲಿಗೆ ಮುಗಿಯಿತು. ಬಚ್ಚಲ ಬಾಗಿಲು ಕಿರ್ರೆಂದಿತು. ಜ್ಯೋತಿ ತನ್ನ ಹಣೆಯ ದೊಡ್ಡ ಮರೂನ್ ಟಿಕಳಿ ಕಿತ್ತು ದೀಪದ ಮೇಲೆ ಅಂಟಿಸಿದಳು. ಯಾರೂ ಅನುಮಾನ ಪಡುವಂತಿರಲಿಲ್ಲ. ಕೂಸಿನ ಕೈಗೆ ಟಿಕಳಿಯ ಚೀಟಿ ಸಿಕ್ಕರೆ ಕನ್ನಡಿ, ಟಿ.ವಿ., ಅಜ್ಜನ ಬೋಳುತಲೆ, ಎಲ್ಲವೂ ಮುತ್ತೈದೆಯರೇ. ಹಳಿಯಾಳದ ಪೆಟ್ರೋಲ್ ಬಂಕಿನಲ್ಲಿ ಏನಾದರೂ ನೆವ ಹೇಳಿ ಗಾಳಿ ಹಾಕಿಸಿದರಾಯಿತು ಎಂಬುದು ಅವಳ ಯೋಜನೆ. ಕೆಳಗಿಳಿದಾಗ ಅತ್ತೆ, ಬೋಳು ಹಣೆ ಇಟ್ಟುಕೊಂಡು ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದೀಯಾ ಎಂದು ಬೈದು ಬೇರೊಂದು ಹಚ್ಚಿದಳು.

ಗೂಳಪ್ಪ ಎಲ್ಲಮ್ಮನಿಗೆ ಅಂದು ಇನ್ನೂ ಹೆಚ್ಚು ಹೊತ್ತು ಕೈ ಮುಗಿದರು. ನಾಲ್ಕು ಪೆಟ್ಟು ಹಾಕಿದರು. ನಾಕೂ ಗಟ್ಟಿ ಅದಾವು ಎಂದರು.

ಹಳಿಯಾಳ ಬಂದಾಗ ಜ್ಯೋತಿ, ಹೇಗೂ ಬಂಕಿಗೆ ಬಂದಿದ್ದೇವೆ, ಗಾಳಿನೂ ಹಾಕಿಸಿಬಿಡಿ ಎಂದಳು. ಚನಬಸಪ್ಪನಿಗೆ ನಗು ಬಂತು. ಅಪ್ಪನ ಕಿವಿ ಗಟ್ಟಿ ಅಂತು, ಡಬ್ಬಿಯಲ್ಲಿ ದೀಪವಿಲ್ಲ, ಎರಡು ಕೋರ್ಟು ಪಾಸು ಮಾಡಿದ ಮೇಲೆ ಮೂರನೆಯದು ನಿನ್ನದ್ಯಾವುದು ಎಂದು ಕೇಳಿದ. ಅವಳು ಟಿಕಳಿಯನ್ನು ಕಣ್ಣಲ್ಲೇ ಕೀಳಲು ನೋಡುತ್ತಿದ್ದಂತೆ ಗಾಡಿ ಊರು ದಾಟಿತು.

ಕಬ್ಬಿನ ಹೊಲಗಳ ನಡುವೆ ಅಡಗಿಮನಿ ಬಸ್ಸು ಎಡಕ್ಕೆ ವಾಲಿತು. ನಿಧಾನ ಹೋಗುತ್ತಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ, ಕಾರ್ಯಕ್ಕೆ ಒಯ್ಯುತ್ತಿದ್ದ ಸಿಹಿ ಮಾದಲಿಯ ಡಬ್ಬ ಮಾತ್ರ ಉರುಳಿತು. ಚನಬಸಪ್ಪ ಮೊದಲು ಡಬ್ಬಿ ನೋಡಿದ. ದೀಪವಿಲ್ಲ. ಆಮೇಲೆ ಟಿಕಳಿ ಕಾಣಿಸಿತು. ಉಗುರಿನಿಂದ ಎಬ್ಬಿಸಿದ. ಕೆಂಪು ಬೆಳಕು ಅವನ ಬೆರಳಿಗೆ ಬಿತ್ತು.

“ಕೂಸು ಹಚ್ಚಿರಬೇಕ್ರಿ,” ಎಂದಳು ಜ್ಯೋತಿ. (ಎರಡೇ ಮಾತು ಬರುವ ಮಗುವಿನ ಮೇಲೆ ತಪ್ಪು ಹೊರಿಸಿದ ತಾಯಿಗೆ ಯಾವ ನರಕವೋ ಗೊತ್ತಿಲ್ಲ.)

ಚನಬಸಪ್ಪ ಕೆಳಗಿಳಿದ. ಅಪ್ಪ ಕೂತುಹೋದ ಗಾಲಿಯ ಮುಂದೆ ಬಗ್ಗಿದ್ದರು. ಅವರ ಬೆನ್ನಿಗೆ ಹೇಳಿದ, “ದೀಪಾನ ಕೂಸು ಮುಚ್ಚಿತು. ನಿನ್ನ ಕಿವಿ ಯಾರು ಮುಚ್ಚಿದ್ರಪಾ?”

ಅವರು ಏನೂ ಅನ್ನಲಿಲ್ಲ. ಆ ಮೌನವನ್ನು ಮಗ ಹಟವೆಂದುಕೊಂಡ. ಸಾಕು, ನಾಳಿಂದ ಮನೆಯಲ್ಲಿ ಇರು ಎಂದು ಹೇಳಿ ಜಾಕಿ ತೆಗೆಯಲು ಹೋದ. ಗೂಳಪ್ಪ ತಿರುಗಿ ಎಲ್ಲರ ಮುಖ ನೋಡಿದರು, ಏನೋ ನಿರ್ಧಾರವಾಗಿದೆ ಎಂಬಷ್ಟು ತಿಳಿಯಿತು, ಮೋರಿಯ ಕಟ್ಟೆಯ ಮೇಲೆ ಹೋಗಿ ಕೂತರು.

ಜ್ಯೋತಿ ನೀರು ತೆಗೆದುಕೊಂಡು ಹೋದಳು. ಅವರು ನೀರು ಮುಟ್ಟದೆ ಅವಳ ಬಾಯಿಯನ್ನೇ ನೋಡುತ್ತ, “ಚನ್ನ ಏನಂದ?” ಎಂದರು.

ಆ ಮಾತನ್ನು ಅವಳೇ ಅವರೆದುರು, ತುಟಿ ಬಿಡಿಸಿ ಹೇಳಬೇಕಾಯಿತು. “ನಾಳಿಂದ ಮನ್ಯಾಗ ಇರು ಅಂದ್ರು.”

ಅವರು ತಲೆಯಾಡಿಸಿದರು. “ನಿನಗ ಯಾವಾಗ ಗೊತ್ತಾತವ್ವ?”

“ಹದಿನೈದ ದಿನಾತ್ರಿ.”

“ಟಿಕಳಿ ನಿಂದು. ಕೂಸಿನ್ವು ಸಣ್ಣು ಇರ್ತಾವು.”

“ನಿಮ್ಮ ಮಾತು ಸುಳ್ಳಾಗಬಾರ್ದಂತ ಮುಚ್ಚಿದ್ನಿ, ಮಾವಾರ.”

ಗೂಳಪ್ಪ ನಗತೊಡಗಿದರು. ನಗುತ್ತ ಕೆಮ್ಮಿದರು, ಕೆಮ್ಮುತ್ತ ಕಣ್ಣು ಒರೆಸಿಕೊಂಡರು. ಗಾಲಿಯ ಸಪ್ಪಳ ಕೇಳಿ ತನಗೆ ಎರಡು ವರ್ಷವಾಯಿತು ಎಂದರು. “ಎಲ್ಲಮ್ಮಗ ಯಾರು ಕೈ ಮುಗಿತಿದ್ರು? ಡಬ್ಬಿ ನೋಡಾಕ ಗಾಡಿ ಹತ್ತತಿದ್ನಿ. ಅದು ಯಾವ ಗಾಲಿ ತೋರಸ್ತತಿ, ಅದನ್ನ ಬಾರಿಸಿ ಮೆತ್ತಗೈತಿ ಅಂತಿದ್ನಿ. ಇವತ್ತ ದೀಪಾ ಕಾಣಲಿಲ್ಲ. ಗಟ್ಟಿ ಅಂದ್ನಿ.”

ಜ್ಯೋತಿಯ ಕೈಯ ತಂಬಿಗೆಯ ನೀರು ಸೀರೆಯ ಮೇಲೆ ಚೆಲ್ಲಿತು. ಮುದುಕರಿಗೆ ಉಳಿದಿದ್ದ ಒಂದೇ ಒಂದು ಕಿವಿಗೆ ಅವಳು ತನ್ನ ಕೈಯಾರೆ ಟಿಕಳಿ ಹಚ್ಚಿದ್ದಳು.

ಅವಳು ಎದ್ದು ನೇರ ಗಂಡನ ಬಳಿ ಹೋಗಿ, ಟಿಕಳಿ ಹಚ್ಚಿದವಳು ನಾನು, ಮಾವನನ್ನು ಬೈಯಬೇಡಿ ಎಂದಳು. ಯಾಕೆ ಎಂದು ಕೇಳಿದ. ಹೊರಡುವಾಗ ಕೆಂಪು ದೀಪ ಕಂಡು ಅಪಶಕುನವೆನ್ನಿಸಿತು ಎಂದು ಬಾಯಿಗೆ ಬಂದದ್ದು ಹೇಳಿದಳು. ಚನಬಸಪ್ಪ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, ತಾಳಿ ಕಟ್ಟಿದ ದಿನದಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಹೊರಗೆ ತೆಗೆದ. ಮಗಳು ಒಳಗಿದ್ದಳು, ಅವಳ ಮೇಲಾದರೂ ಕರುಣೆ ಬೇಡವೇ ಎಂದ. ಯಲ್ಲವ್ವನೂ ಕಿಟಕಿಯಿಂದ ತಲೆ ಹಾಕಿ ತನ್ನ ಪಾಲಿನದು ಸೇರಿಸಿದಳು. ಸೊಸೆಯ ತಲೆ ತಗ್ಗಿದ್ದು, ಎರಡೂ ಕಡೆ ಬಾಯಿ ಆಡುತ್ತಿದ್ದದ್ದು ಮೋರಿಯ ಮೇಲಿನಿಂದ ಕಂಡಿರಬೇಕು. ಗೂಳಪ್ಪ ಎದ್ದು ಬಂದು ಮಗನ ಹೆಗಲ ಮೇಲೆ ಕೈ ಇಟ್ಟರು.

“ಅಕಿನ್ನ ಬಿಡು ಚನ್ನಾ. ನನಗ ಕಿವಿ ಇಲ್ಲ. ಎರಡ ವರ್ಷಾತು. ನೀ ಈಗ ಮಾತಾಡಿದ್ದೂ ಕೇಳಿಲ್ಲ.”

ಚನಬಸಪ್ಪ ತಂದೆಯ ಮುಖ ನೋಡಿದ. ಕೂತು, ಆಗಲೇ ಬಿಗಿಯಾಗಿದ್ದ ನಟ್ಟನ್ನು ಇನ್ನೊಮ್ಮೆ ಬಿಗಿದ. ಮತ್ತೊಮ್ಮೆ ಬಿಗಿದ. ಕಿಟಕಿಯಲ್ಲಿದ್ದ ಯಲ್ಲವ್ವನ ಮುಖದ ಬಣ್ಣ ಇಳಿಯಿತು.

“ಹಂಗಾರ ಇಷ್ಟ ದಿನಾ ನಾ ಯಾರ ಕೂಡ ಮಾತಾಡಿದೆ?” ಎಂದಳು.

ಅದೂ ಅವರಿಗೆ ಕೇಳಿಸಲಿಲ್ಲ. ಹೂಂ ಎಂದರು.

ಪಾಳಾ ತಲುಪುವಷ್ಟರಲ್ಲಿ ಗುರುಬಸವ್ವನ ಮೊಮ್ಮಗುವಿಗೆ ಹೆಸರಿಟ್ಟಾಗಿತ್ತು. ಹಕ್ಕಿ ನೋಡುವ ಮಾತನ್ನು ಯಾರೂ ಎತ್ತಲಿಲ್ಲ. ಬರುವಾಗ ಚನಬಸಪ್ಪ ಏನೂ ಹೇಳದೆ ಮುಂದಿನ ಬಾಗಿಲು ತೆರೆದು ಹಿಡಿದು ನಿಂತ. ಅಪ್ಪ ಹತ್ತಿ ಕೂತ ಮೇಲೆ ಡಬ್ಬಿಯನ್ನು ತುಸು ಅವರ ಕಡೆಗೆ ತಿರುಗಿಸಿದ.

ಈಗ ಡಬ್ಬಿ ನೋಡುವುದು ಗೂಳಪ್ಪನ ಅಧಿಕೃತ ಹುದ್ದೆ. ಕೈ ಮುಗಿಯುವ ನಾಟಕ ಬೇಕಿಲ್ಲ. ಗಾಲಿಯನ್ನು ಯಾರೂ ಬಾರಿಸುವುದಿಲ್ಲ. ಗಾಡಿ ಹೊರಡುವ ದಿನ ಅಂಗಳ ಒಮ್ಮೊಮ್ಮೆ ಎಷ್ಟು ಸುಮ್ಮನಿರುತ್ತದೆಂದರೆ ಜ್ಯೋತಿಗೆ ಒಲೆಯ ಮುಂದೆ ಕೈ ಓಡುವುದಿಲ್ಲ.

ಆ ಮೌನವನ್ನು ಬಹಳ ಹೊತ್ತು ಉಳಿಯಗೊಡದವಳು ಯಲ್ಲವ್ವ. ಎರಡು ವರ್ಷ ತಾನು ಆಡಿದ್ದೆಲ್ಲ ಗಾಳಿಗೆ ಹೋಯಿತೆಂದು ಮೂರು ದಿನ ಅತ್ತಳು. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು, ಎಲ್ಲವನ್ನೂ ಮೊದಲಿನಿಂದ ಹೇಳುವುದೆಂದು ತೀರ್ಮಾನಿಸಿದಳು. ಸಂಜೆ ಗಂಡನನ್ನು ಕಟ್ಟೆಯ ಮೇಲೆ ಎದುರಿಗೆ ಕೂರಿಸಿಕೊಂಡು, ಓಣಿಯ ಆ ತುದಿಗೂ ಮುಟ್ಟುವ ದನಿಯಲ್ಲಿ ಶುರು ಮಾಡುತ್ತಾಳೆ. ಎರಡು ವರ್ಷ ಗಂಡನ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದೆಲ್ಲ ಬಹುಪಾಲು ಸೊಸೆಯ ಮೇಲಿನ ದೂರೇ ಆಗಿತ್ತೆಂದು ಜ್ಯೋತಿಗೆ ತಿಳಿದದ್ದು ಆಗ. ಬಸುರಿಯಾಗಿದ್ದಾಗ ಭರಣಿಯ ಹುಣಸೆಹಣ್ಣು ಖಾಲಿ ಮಾಡಿದ್ದು, ತವರಿಗೆ ಫೋನು ಹಚ್ಚಿ ಹಾಲು ಉಕ್ಕಿಸಿದ್ದು. ಶಿವವ್ವ ಸೊಪ್ಪು ಸೋಸುವ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಂಡಿದ್ದಾಳೆ.

ಗೂಳಪ್ಪ ಹೆಂಡತಿಯ ಬಾಯಿಯಿಂದ ಕಣ್ಣು ತೆಗೆಯದೆ ಕೂತಿರುತ್ತಾರೆ. ಮದುವೆಯಾದಾಗಿನಿಂದ ಅವಳ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲವೇನೋ. ಎಲ್ಲೋ ಒಂದು ಮಾತು ತಿಳಿಯದೆ ಹೋದರೆ ಒಳಗೆ ತಿರುಗಿ, “ಜ್ಯೋತೆವ್ವಾ, ಏನಂದ್ಲು?” ಎನ್ನುತ್ತಾರೆ. ಅವರಿಗೆ ಸರಿಯಾಗಿ ತಿಳಿಯುವ ತುಟಿ ಆ ಮನೆಯಲ್ಲಿ ಅವಳದೊಂದೇ.

ಆಗ ಜ್ಯೋತಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಅವರ ಎದುರು ಕೂತು, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾಳೆ.

“ನಿಮ್ಮ ಸೊಸಿಗೆ ಬ್ಯಾಳಿ ಕುದಸಾಕೂ ಬರೂದಿಲ್ಲ ಅಂದ್ರು, ಮಾವಾರ.”