ಗೆಲ್ಲಬಾರದೆಂದು ಹೊರಟ ಖಜಾಂಚಿ

ಇಷ್ಟೆಲ್ಲ ಫಜೀತಿಗೆ ಕಾರಣ ಮತಪತ್ರದಲ್ಲಿದ್ದ ಒಂದು ಖಾಲಿ ಗೆರೆ.

ನೆಬ್ರಾಸ್ಕಾದ ವಿಲ್ಸೆಟ್ ಕೌಂಟಿಯ ಖಜಾಂಚಿ ಹುದ್ದೆಗೆ ಡೆರಿಕ್ ಕುಬಿಚೆಕ್ ಎಂಬ ಒಂದೇ ಹೆಸರು ಅಚ್ಚಾಗಿತ್ತು. ಅದರ ಕೆಳಗೆ ಆ ಗೆರೆ. ಅಚ್ಚಾದವನು ಬೇಡವೆಂದರೆ ಬೇಕಾದವರ ಹೆಸರನ್ನು ಅಲ್ಲಿ ಪೆನ್ನಿನಲ್ಲಿ ಬರೆಯಬಹುದು. ಹೋದ ಚುನಾವಣೆಯಲ್ಲಿ ಹಳೆಯ ಖಜಾಂಚಿ ಓರ್ವಿಲ್ ಸ್ಕೋಗ್ ಸಾಕಪ್ಪಾ ಎಂದು ನಿಲ್ಲದೆ ಕೂತಿದ್ದ. ಜನ ಬಿಡಲಿಲ್ಲ. ಆ ಗೆರೆಯ ಮೇಲೆ ಅವನ ಹೆಸರು ಗೀಚಿ, ತಪ್ಪಿಸಿಕೊಂಡ ಹೋರಿಯನ್ನು ಹಗ್ಗ ಹಾಕಿ ಎಳೆದು ತಂದಂತೆ ತಂದು ಅದೇ ಕುರ್ಚಿಗೆ ಕಟ್ಟಿದರು. ಬೇರೆ ಕಡೆ ಅಧಿಕಾರಿ ಯಾವಾಗ ತೊಲಗುತ್ತಾನೋ ಎಂದು ಜನ ಹಲ್ಲು ಕಡಿಯುತ್ತಾರೆ. ಇಲ್ಲಿ ಅವನು ಕೈಮುಗಿದರೂ ಬಿಡುಗಡೆ ಇಲ್ಲ!

ಈ ಸಲ ಓರ್ವಿಲ್ ರಾಜೀನಾಮೆಯನ್ನೇ ಕೊಟ್ಟಿದ್ದ. ಗೆದ್ದವನು ಮರುದಿನವೇ ಕುರ್ಚಿ ಹತ್ತಬೇಕು. ಅಂಗಳದಲ್ಲಿ ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಕ್ಯಾಂಪರ್ ಗಾಡಿ ಬಿಸಿಲಿನ ಅರಿಜೋನಾಕ್ಕೆ ಹೊರಡಲು ಸಜ್ಜಾಗಿತ್ತು.

"ಈ ಸಲನೂ ಗೆದ್ದು ಬಂದ್ಯೋ," ಮತದಾನದ ದಿನ ಬೆಳಗ್ಗೆ ಹೆಂಡತಿ ಲಾವೋನ್ ಕಾಫಿ ಲೋಟ ಕುಕ್ಕಿದಳು, "ನಾನೊಬ್ಳೇ ಹೋಗ್ತೀನಿ. ನೀನು ಇಲ್ಲೇ ಹಿಮ ಗೋರ್ಕೊಂಡು ಬಿದ್ದಿರು."

ಓರ್ವಿಲ್ ಓಡಿದ, ಮತಗಟ್ಟೆಯಾಗಿದ್ದ ಚರ್ಚಿನ ಕಡೆಗೆ.

ಮೊದಲು ಸಿಕ್ಕವರು ಮುದುಕಿ ಹಡೆಕ್. "ನಿನ್ನ ಹೆಸರು ಬರೆಯೋಕೇ ಬಂದೆ ಕಣೋ."

"ಬೇಡಮ್ಮ! ಆ ಡೆರಿಕ್‌ಗೆ ಹಾಕಿ. ಒಳ್ಳೇ ಹುಡುಗ."

"ನಮ್ಮೆಜಮಾನ್ರು ತೀರಿಕೊಂಡ ವರ್ಷ, ಆ ಹಿಮದಲ್ಲಿ ನಮ್ಮನೆಗೆ ಬಂದು, ನಿಮಗೆ ತೆರಿಗೆ ಮಾಫಿ ಇದೆ ಅಂತ ಅಡುಗೆಮನೇಲೇ ಕೂತು ಅರ್ಜಿ ತುಂಬಿಸಿದ್ದು ಡೆರಿಕ್ಕಾ? ಈ ಮನೆ ಉಳಿದಿದ್ದು ನಿನ್ನಿಂದ." ಮುದುಕಿ ಅಳತೊಡಗಿದರು. ಓರ್ವಿಲ್ ಕರವಸ್ತ್ರ ಕೊಟ್ಟ. ಕೊಟ್ಟಿದ್ದೇ ತಪ್ಪಾಯಿತು; ಅವರು ಇನ್ನೂ ಜೋರಾಗಿ ಅತ್ತು, ಪೆನ್ನು ಬಿಗಿಹಿಡಿದು ಸಾಲಿನಲ್ಲಿ ನಿಂತರು.

ಒಳ್ಳೆಯತನದಿಂದಲೇ ಹಾಳಾದೆ ಎಂದು ಓರ್ವಿಲ್‌ಗೆ ಅರಿವಾಯಿತು. ಇನ್ನು ಒರಟನಾಗಬೇಕು. ಅಷ್ಟರಲ್ಲಿ ಜೋಳದ ರೈತ ಲೈಲ್ ಟ್ರಕ್ ನಿಲ್ಲಿಸಿದ.

"ಏಯ್ ಲೈಲ್, ನಾಚಿಕೆ ಇಲ್ವಾ ನಿಂಗೆ? ನಂಬರ್ ಪ್ಲೇಟಿನ ಅವಧಿ ಮುಗಿದು ತಿಂಗಳಾಯ್ತು! ನನ್ನ ಕಚೇರಿಗೆ ಬಂದು ಕಟ್ಟೋಕೇನು ದಾಡಿ? ಸೋಮಾರಿ!"

ಲೈಲ್ ಬಾಯಿ ತೆರೆದು ನಿಂತ. ಆಮೇಲೆ ಪ್ಲೇಟ್ ನೋಡಿದ. ಆಮೇಲೆ ದೂರದಲ್ಲಿ ಡೋನಟ್ ತಿನ್ನುತ್ತಿದ್ದ ಪೊಲೀಸನನ್ನು ನೋಡಿದ. "ಅಯ್ಯೋ ಪುಣ್ಯಾತ್ಮ! ದಂಡದಿಂದ ಉಳಿಸ್ದೆಯಲ್ಲೋ!" ಎಂದು ಓರ್ವಿಲ್‌ನನ್ನು ಹಿಟ್ಟಿನ ಮೂಟೆಯಂತೆ ಎತ್ತಿ ತಬ್ಬಿಕೊಂಡ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಗದ್ದಲಕ್ಕೆ ಪೊಲೀಸ್ ಬಂದ. "ಓರ್ವಿಲ್, ಮತಗಟ್ಟೆ ಹತ್ರ ಪ್ರಚಾರ ಮಾಡೋ ಹಾಗಿಲ್ಲ."

"ನನ್ನ ವಿರುದ್ಧ ಕಣಯ್ಯಾ ಮಾಡ್ತಿರೋದು!"

"ಯಾರ ವಿರುದ್ಧ ಆದ್ರೇನು, ಪ್ರಚಾರ ಪ್ರಚಾರಾನೇ. ನಡಿ ಆ ಕಡೆ." ತೋಳು ಹಿಡಿದು ರಸ್ತೆಯಾಚೆ ದಾಟಿಸುತ್ತ, "ನಮ್ಮಮ್ಮನ ತೆರಿಗೆ ಕಂತು ಮಾಡಿಕೊಟ್ಯಲ್ಲ, ಮರೆತಿಲ್ಲ," ಎಂದು ಕಿವಿಯಲ್ಲಿ ಹೇಳಿ ಕಣ್ಣು ಹೊಡೆದ.

ಮುಗಿಯಿತು ಎಂದುಕೊಂಡ ಓರ್ವಿಲ್. ಮನೆಗೆ ಬಂದು, ಲಾವೋನ್ ಕಣ್ಣಿಗೆ ಬೀಳದ ಹಾಗೆ ಗ್ಯಾರೇಜಿನಲ್ಲಿ ಕೂತು ರೇಡಿಯೊ ಹಚ್ಚಿದ. ರಾತ್ರಿ ಊಟದ ಹೊತ್ತಿಗೆ ಫಲಿತಾಂಶ ಬಂತು. ಡೆರಿಕ್ ಕುಬಿಚೆಕ್ ಗೆದ್ದಿದ್ದ! ಗೆರೆಯ ಮೇಲೆ ಓರ್ವಿಲ್ ಹೆಸರನ್ನು ಒಬ್ಬರೂ, ಒಬ್ಬರೆಂದರೆ ಒಬ್ಬರೂ ಬರೆದಿರಲಿಲ್ಲ.

ಓರ್ವಿಲ್ ಕುಣಿದ. ಕುಣಿಯುತ್ತ ಕುಣಿಯುತ್ತ ಎದೆಯಲ್ಲಿ ಏನೋ ಚುಚ್ಚಿತು. ಒಬ್ಬರೂ ಬರೆಯಲಿಲ್ಲವೇ? ಆ ಮುದುಕಿ ಕೂಡ? ಥೂ, ಎಂಥ ಕೃತಘ್ನ ಜನ!

"ಹತ್ತು ಗಾಡಿ," ಎಂದಳು ಲಾವೋನ್, ಮೊದಲ ಸಲ ನಗುತ್ತ. "ಯಾರಾದ್ರೂ ಮನಸ್ಸು ಬದಲಾಯಿಸೋದ್ರೊಳಗೆ ಹೊರಡೋಣ."

ಕ್ಯಾಂಪರ್ ಇನ್ನೂ ಅಂಗಳ ದಾಟಿರಲಿಲ್ಲ. ಎದುರಿಗೆ ಮುದುಕಿ ಹಡೆಕ್, ಕೈಯಲ್ಲಿ ಹಣ್ಣಿನ ಪಾಕ ತುಂಬಿದ ಬಿಸಿ ಕೊಲಾಚೆ ಬನ್ನಿನ ತಟ್ಟೆ. ಪಕ್ಕದಲ್ಲಿ ಲೈಲ್.

"ನನ್ನ ಹೆಸರು ಬರೀಲೇ ಇಲ್ವಲ್ಲಮ್ಮ," ಓರ್ವಿಲ್‌ಗೆ ತಡೆಯಲಾಗಲಿಲ್ಲ.

"ಪೆನ್ನು ಎತ್ತಿದ್ದೆ ಕಣೋ. ಸಾಲಲ್ಲಿ ನನ್ನ ಹಿಂದೆ ಬಂದು ನಿಂತ ಲೈಲ್ ತಡೆದ. ಪ್ರತಿ ವರ್ಷ ಚಳಿಗಾಲ ಪೂರ್ತಿ ನಾವೆಲ್ಲ ಕ್ಯಾಂಪರ್ ತಗೊಂಡು ಹೋಗಿ ಅರಿಜೋನಾದಲ್ಲೇ ಇರ್ತೀವಿ ತಾನೆ? ನಿನ್ನ ಇಲ್ಲಿ ಗೆಲ್ಸಿ ಕೂರಿಸಿದ್ರೆ ಅಲ್ಲಿ ನಮ್ಮ ಕಾಗದ ಪತ್ರ ನೋಡೋರ್ಯಾರು ಅಂದ. ಸಾಲಿಗೆ ಸಾಲೇ ಹೌದಲ್ವಾ ಅಂತು!"

"ಅಲ್ಲಿ ಗಾಡಿ ನಿಲ್ಸೋಕೆ ನಿನ್ನ ಪಕ್ಕದ ಜಾಗಾನೇ ಹಿಡಿದಿದೀನಿ," ಎಂದ ಲೈಲ್. "ಹಡೆಕಮ್ಮ ನನ್ನ ಗಾಡೀಲೇ ಬರ್ತಾರೆ. ಅಲ್ಲಿ ನಿನಗೆ ಐದು ಗಂಟೆಗೆ ಕಚೇರಿ ಮುಚ್ಚೋ ಗೋಳೂ ಇಲ್ಲ ನೋಡು."

ಅವರ ಹಿಂದೆ ಟೈ ಕಟ್ಟಿಕೊಂಡು ಬೆವರುತ್ತಿದ್ದ ಡೆರಿಕ್ ಮುಂದೆ ಬಂದ. "ಸರ್, ನಿಮ್ಮ ಋಣ ಹೇಗೆ ತೀರಿಸ್ಲಿ? ಫೋನ್ ಮಾತ್ರ ಆನ್ ಇಟ್ಟಿರಿ. ನಾಳೆ ಬೆಳಗ್ಗೆ ತಿಜೋರಿ ಹೇಗೆ ತೆಗೆಯೋದು ಅನ್ನೋದರಿಂದ ಶುರು ಮಾಡೋಣ."

ಓರ್ವಿಲ್ ಕೊಲಾಚೆ ಕಚ್ಚಿದ. ಹಾಳಾದ್ದು, ಕಣ್ಣು ಬೇರೆ ಒದ್ದೆಯಾಯಿತು. ಗಾಡಿಯನ್ನು ದಕ್ಷಿಣದ ಹೆದ್ದಾರಿಗೆ ತಿರುಗಿಸಿದ.

"ಕನ್ನಡಿ ನೋಡ್ಬೇಡ," ಎಂದಳು ಲಾವೋನ್. "ರಸ್ತೆ ನೋಡು."

ಅವನು ನೋಡಿಯೇಬಿಟ್ಟ. ಹಿಂದೆ ಕ್ಯಾಂಪರುಗಳು ದೀಪ ಹೊತ್ತಿಸಿಕೊಂಡು, ಒಂದರ ಹಿಂದೊಂದು, ತೆರಿಗೆ ಕಟ್ಟುವ ಕೊನೆಯ ದಿನದ ಸಾಲಿನಂತೆ ತಾಳ್ಮೆಯಿಂದ ಬರುತ್ತಿದ್ದವು.