ಹದಿನಾಲ್ಕು ವ್ಯೂಸಿನ ಜಂಪರ್

ಶಹಾಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಸುಮಲತಾ, ಗಿರಾಕಿಗಳು ಹೆಚ್ಚಲೆಂದು ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ದಳು. ಸೀರೆಯ ಮೇಲೆ ತೊಡುವ ಕಟೋರಿ ಜಂಪರ್ ಕತ್ತರಿಸಿ ಹೊಲಿಯುವುದು ಹೇಗೆಂಬ ವಿಡಿಯೋ. ಬೆಳಕು ಸಾಲದೆಂದು ನಾಲ್ಕು ಸಲ, ಹೊರಗೆ ಎಮ್ಮೆ ಒದರಿತೆಂದು ಎರಡು ಸಲ ಮೊದಲಿನಿಂದ ತೆಗೆದಿದ್ದಳು. ಚಾಕ್‌ಪೀಸಿನ ಒಂದೊಂದು ಗೆರೆಯೂ ಕಣ್ಣಿಗೆ ಕಟ್ಟುವಂತಿತ್ತು. ಆದರೂ ಹದಿನೈದು ದಿನಕ್ಕೆ ವ್ಯೂಸ್ ಹದಿನಾಲ್ಕು. ಅದರಲ್ಲಿ ಒಂಬತ್ತು ಅವಳವೇ.

ಸೋಮವಾರ ಮುಂಜಾನೆ ಅಂಗಡಿ ತೆರೆದವಳೇ ಮೊಬೈಲ್ ನೋಡಿ ಗಲ್ಲಕ್ಕೆ ಕೈಹಚ್ಚಿ ಕುಳಿತಳು. ಪಕ್ಕದ ಬಳೆ ಅಂಗಡಿಯ ಫರ್ಹತ ಇಣುಕಿದಳು.

"ಯಾಕ ಸುಮಾ, ಮಾರಿ ಇಷ್ಟು ಸಣ್ಣಾಗ್ಯಾದ?"

"ಯಾರೂ ನೋಡವಲ್ರು ಅಕ್ಕಾ. ಎಷ್ಟು ಛಂದ ಮಾಡೀನಿ!"

"ಛಂದ ಮಾಡಿದ್ದಕ್ಕೇ ನೋಡವಲ್ರು. ನಿನ್ನ ವಿಡಿಯೋದಾಗ ಯಾರೂ ಅಳಂಗಿಲ್ಲ, ಜಗಳಾಡಂಗಿಲ್ಲ. ಬರೀ ಬಟ್ಟಿ ಕತ್ತರಸ್ತಿ."

ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಖಾಜಾಹುಸೇನ ಕರೆಯದೆಯೇ ಬಂದ. "ಹೆಸರು ಬದಲ್ ಮಾಡ್ರಿ ಅಕ್ಕಾರ. ಓದಿದ ಕೂಡ್ಲೇ ಮಂದಿ ಎದಿ ಧಸಕ್ಕಂತ ಅನ್ನಬೇಕು."

ಐದೇ ನಿಮಿಷದಲ್ಲಿ ಅವನು ವಿಡಿಯೋವನ್ನೂ ರಿಪೇರಿ ಮಾಡಿದ. 'ಈ ಜಂಪರ್ ಹೊಲಿಸಿದ ಹೆಣ್ಣುಮಗಳ ಗತಿ ಏನಾಯ್ತು ನೋಡ್ರಿ!' ಎಂದು ಹೆಸರಿಟ್ಟ. ವಿಡಿಯೋದ ಮುಖಚಿತ್ರದಲ್ಲಿ ಅಳತೆ ಕೊಡುತ್ತಾ ನಿಂತಿದ್ದವಳು ವಡಗೇರಾದ ಗಿರಾಕಿ ಮಲ್ಲಿಕಮ್ಮ. ಅವಳ ಕೊರಳಿಗೊಂದು ಕೆಂಪು ಬಾಣ ಬಿತ್ತು. ಅಷ್ಟಕ್ಕೂ ತೃಪ್ತಿಯಾಗದೆ ಮೂಲೆಯಲ್ಲೊಂದು ಆಂಬುಲೆನ್ಸ್ ನಿಲ್ಲಿಸಿದ.

ಮಧ್ಯಾಹ್ನದ ಹೊತ್ತಿಗೆ ವ್ಯೂಸ್ ಇನ್ನೂರು ದಾಟಿತು. ಸುಮಲತಾ ಹಿಗ್ಗಿ ಮೂವರಿಗೂ ಮಿರ್ಚಿ ಭಜಿ ತರಿಸಿದಳು. ಮೊದಲ ಭಜಿ ಕಚ್ಚುವಷ್ಟರಲ್ಲಿ ಫೋನ್ ಬಂತು. ಸುರಪುರದಿಂದ ಮಲ್ಲಿಕಮ್ಮನ ತಮ್ಮ ಸಾಬಣ್ಣ.

"ನಮ್ಮಕ್ಕ ಯಾವ ದವಾಖಾನಿದಾಗ ಇದ್ದಾಳ್ರಿ?"

"ಯಾಕ್ರಿ, ಅವರು ಆರಾಮ ಇದ್ದಾರ್ರಿ!"

"ಸುಳ್ಳ ಹೇಳಬ್ಯಾಡ್ರಿ! ಆಂಬುಲೆನ್ಸ್ ಕಣ್ಣಾರೆ ನೋಡೀನಿ. ಕೊಡೇಕಲ್‌ದಿಂದ ಬೀಗರು ಟಂಟಂ ಗಾಡಿ ಮಾಡ್ಕೊಂಡು ಅಳಕೋತ ಹೊಂಟಾರ!"

ಸುಮಲತಾಳ ಕೈಯಿಂದ ಭಜಿ ಜಾರಿತು. ಫರ್ಹತ ತನ್ನ ಅಂಗಡಿಗೆ ಜಾರಿದಳು. ಖಾಜಾಹುಸೇನ ಅಂಗಡಿಯ ಶಟರನ್ನೇ ಎಳೆದುಕೊಂಡ. ಸುಮಲತಾ ಹಳೇ ಹೆಸರು, ಹಳೇ ಚಿತ್ರ ಹಾಕುತ್ತಿದ್ದಂತೆಯೇ ಆಟೋ ಬಂದು ನಿಂತಿತು. ಮಲ್ಲಿಕಮ್ಮ ಇಳಿದಳು. ಹಿಂದೆಯೇ ಇನ್ನೂ ನಾಲ್ವರು ಹೆಂಗಸರು.

"ತಪ್ಪಾತ್ರಿ ಯಕ್ಕಾ! ಈಗೇ ತೆಗದೀನ್ರಿ!"

"ಹೋಗ್ಲಿ ಬಿಡವ್ವ. ಕೊಡೇಕಲ್‌ದವರಿಗೆ ಫೋನ್ ಹಚ್ಚಿ, ಅರ್ಧ ದಾರ್ಯಾಗಿಂದ ತಿರುಗಿಸಿ ಕಳಿಸೀನಿ. ಅದರ ಸಲುವಾಗಿ ಬಂದಿಲ್ಲ ನಾವು. ನಿನ್ನ ವಿಡಿಯೋ ಅಂತೂ ಹದಿನೈದು ದಿನದಿಂದ ನೋಡಾಕತ್ತೀವಿ."

"ಎಲ್ಲಿ ನೋಡಿದ್ರಿ?"

"ವಾಟ್ಸಾಪಿನ್ಯಾಗ! ಫರ್ಹತಕ್ಕ ಕಳಿಸ್ಯಾಳಲ್ಲ. ನಮ್ಮ ಮಹಿಳಾ ಸಂಘದಾಗ ಇಪ್ಪತ್ತು ಮಂದಿ ಒಂದೇ ಫೋನ್ ಸುತ್ತ ಕುಂತು ನೋಡ್ತೀವಿ. ಸುರಪುರ, ಬೋನಾಳ, ಎಲ್ಲಾ ಕಡೀ ಹೋಗ್ಯಾದ."

ಫರ್ಹತ ಬಾಗಿಲಲ್ಲಿ ತಲೆ ತೂರಿಸಿದಳು. "ಯೂಟ್ಯೂಬ್ ಅಂದ್ರ ಮಂದಿ ನೆಟ್ ಖರ್ಚಾಗ್ತದ ಅಂತಾರ. ಅದಕ್ಕ ನಾನೇ ಇಳಿಸಿಕೊಂಡು ಎಲ್ಲಾರಿಗೂ ಕಳಿಸಿದೆ. ನಿನಗ ಮದತ್ ಆಗ್ಲಿ ಅಂತ."

ತನ್ನ ವಿಡಿಯೋ ಮೂರು ತಾಲೂಕು ಸುತ್ತಿದೆ, ಯೂಟ್ಯೂಬಿಗೆ ಮಾತ್ರ ಸುದ್ದಿ ಮುಟ್ಟಿಲ್ಲ ಎಂದು ಸುಮಲತಾಳಿಗೆ ತಿಳಿಯಿತು. ಅಳು ಬರುವಲ್ಲಿ ನಗು ಬಂತು. ಲಗುಬಗೆಯಿಂದ ಟೇಪು ಕೊರಳಿಗೆ ಹಾಕಿಕೊಂಡಳು.

"ಬರ್ರಿ ಯಕ್ಕಾ, ಒಬ್ಬೊಬ್ಬರದೇ ಹೊಸಾ ಅಳತಿ ತಗೋತೀನಿ."

ಮಲ್ಲಿಕಮ್ಮ ಕೈ ಅಡ್ಡ ಹಿಡಿದಳು. "ಅಳತಿ ಬ್ಯಾಡವ್ವ. ಹೊಲಿಯಾಕ ಕೊಟ್ಟಿದ್ವಲ್ಲ, ಆ ಬಟ್ಟಿ ವಾಪಸ್ ಕೊಡು. ಐದೂ ಮಂದೀದು. ನೀ ಅಷ್ಟು ಬಿಡಿಸಿ ಹೇಳಿಕೊಟ್ಟಿ ನೋಡು, ಈಗ ಮನ್ಯಾಗ ನಾವೇ ಹೊಲಕೊಳ್ಳಾಕತ್ತೀವಿ."

ಸುಮಲತಾ ಬಟ್ಟೆಗಳನ್ನು ಹುಡುಕಿ ಗಂಟು ಕಟ್ಟಿಕೊಟ್ಟಳು. ಹೊಸ್ತಿಲು ದಾಟಿದ ಮಲ್ಲಿಕಮ್ಮ ಏನೋ ನೆನಪಾಗಿ ತಿರುಗಿದಳು.

"ತೋಳು ಕೂಡಸೂ ಮುಂದ ಸ್ವಲ್ಪ ಸುಕ್ಕು ಬೀಳಾಕತ್ಯಾವ. ಅದರದೂ ಒಂದು ವಿಡಿಯೋ ಮಾಡವ್ವಾ."